ಜೆರ್ಬಿಲ್ ಸ್ನಾನಕ್ಕೆ ಯಾವ ಮರಳು ಸುರಕ್ಷಿತ? ಚಿಂಚಿಲ್ಲಾ ಪುಡಿ ಹಾಕಿದರೆ ಸೀನುತ್ತಿವೆ

ಒದ್ದೆಛತ್ರಿ (ಮ್ಯಾಂಚೆಸ್ಟರ್)

ಎಲ್ಲರಿಗೂ ನಮಸ್ಕಾರ. ಎರಡು ಮಂಗೋಲಿಯನ್ ಜೆರ್ಬಿಲ್‌ಗಳಿವೆ, ಇಲಿಯಂಥ ಸಣ್ಣ ಸಾಕುಪ್ರಾಣಿಗಳು, ಮರಳಿನಲ್ಲಿ ಹೊರಳಿ ಮೈ ಚೊಕ್ಕ ಮಾಡಿಕೊಳ್ಳುತ್ತವೆ. ಎರಡೂ ಗಂಡು, ಇನ್ನೂ ಒಂದು ವರ್ಷ ತುಂಬಿಲ್ಲ. ಗಾಜಿನ ಟ್ಯಾಂಕ್, ಒಳಗೆ 25 ಸೆಂ.ಮೀ. ಪೇಪರ್ ಬೆಡ್ಡಿಂಗ್. ಒಂದರ ಬೆನ್ನ ಮೇಲಿನ ಕೂದಲು ಜಿಡ್ಡುಗಟ್ಟಿ ಜಡೆ ಜಡೆಯಾಗಿ ನಿಂತಿದೆ. ಅಂಗಡಿಯಲ್ಲಿ ಸ್ನಾನಕ್ಕೆಂದು ಕೊಟ್ಟ ಡಬ್ಬದ ಮೇಲೆ ಚಿಂಚಿಲ್ಲಾ (ದಟ್ಟ ತುಪ್ಪಳದ ಇನ್ನೊಂದು ಸಾಕುಪ್ರಾಣಿ) ಚಿತ್ರವಿದೆ, ಒಳಗಿರುವುದು ಬೂದು ಬಣ್ಣದ ತೀರಾ ನುಣುಪಾದ ಪುಡಿ. ಬಟ್ಟಲಲ್ಲಿ ಹಾಕಿಟ್ಟರೆ ಖುಷಿಯಾಗಿ ಹೊರಳಾಡುತ್ತವೆ, ಆದರೆ ಟ್ಯಾಂಕ್ ತುಂಬ ಧೂಳೆದ್ದು ಆಮೇಲೆ ಎರಡೂ ಸೀನುತ್ತವೆ.

ಮಕ್ಕಳಾಡುವ ಪ್ಲೇ ಸ್ಯಾಂಡ್ ಆಗುತ್ತದೆ ಅನ್ನುವವರಿದ್ದಾರೆ, ಅದರಲ್ಲಿ ಸಿಲಿಕಾ ಇದೆ ಬೇಡ ಅನ್ನುವವರೂ ಇದ್ದಾರೆ. ರೆಪ್ಟೈಲ್ ಸ್ಯಾಂಡ್ (ಹಲ್ಲಿ, ಹಾವು ಸಾಕುವವರು ಹಾಕುವ ಮರಳು) ಆಗಬಹುದೇ? ಓವನ್‌ನಲ್ಲಿ ಬಿಸಿ ಮಾಡಲೇಬೇಕೇ? ಎಷ್ಟು ಹಾಕಬೇಕು, ಯಾವಾಗಲೂ ಒಳಗೇ ಬಿಡಬಹುದೇ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಜರಡಿಪುಟ್ಟ

ಮೊದಲು ಆ ಡಬ್ಬ ಎತ್ತಿ ಬದಿಗಿಡಿ. ಚಿಂಚಿಲ್ಲಾದ ಚರ್ಮದಲ್ಲಿ ಒಂದೊಂದು ರಂಧ್ರದಿಂದ 50–60 ಕೂದಲು ಹೊರಡುತ್ತವೆ. ಅಷ್ಟು ದಟ್ಟ ತುಪ್ಪಳದ ಬುಡಕ್ಕೆ ಇಳಿಯಬೇಕಾದರೆ ಪುಡಿಯೇ ಬೇಕು. ಅದಕ್ಕೆಂದೇ ಜ್ವಾಲಾಮುಖಿ ಬೂದಿ, ಪ್ಯೂಮಿಸ್, ಸೆಪಿಯೊಲೈಟ್‌ನಂಥ ವಸ್ತುಗಳನ್ನು ಅರೆದು ಮಾರುತ್ತಾರೆ. ಜೆರ್ಬಿಲ್‌ನ ಕೂದಲು ಅಷ್ಟು ದಟ್ಟವಲ್ಲ, ನಿಜವಾದ ಮರಳೇ ಜಿಡ್ಡನ್ನು ಉಜ್ಜಿ ತೆಗೆಯುತ್ತದೆ. ಪುಡಿಯಿಂದ ಸಿಗುವುದು ಸೀನು, ಕಣ್ಣುರಿ, ದಿನಾ ಹೀಗೇ ಆದರೆ ಶ್ವಾಸಕೋಶದ ತೊಂದರೆ.

ಆದರೆ ಲೇಬಲ್ ನಂಬಿ ಕೊಳ್ಳುವ ಹಾಗೂ ಇಲ್ಲ. ಸ್ಯಾಂಡ್, ಡಸ್ಟ್, ಬಾತ್ ಎಂಬ ಪದಗಳನ್ನು ಕಂಪನಿಗಳು ಮನಸ್ಸಿಗೆ ಬಂದ ಹಾಗೆ ಬಳಸುತ್ತವೆ. ಒಬ್ಬರ ಚಿಂಚಿಲ್ಲಾ ಸ್ಯಾಂಡ್ ಒಳ್ಳೆಯ ಮರಳಾಗಿರುತ್ತದೆ, ಇನ್ನೊಬ್ಬರದು ಅದೇ ಹೆಸರಿನಲ್ಲಿ ಬರೀ ಪುಡಿ. ಆದ್ದರಿಂದ ತಂದದ್ದನ್ನು ನೀವೇ ಪರೀಕ್ಷೆ ಮಾಡಬೇಕು. ಖರ್ಚಿಲ್ಲದ ಮೂರು ಪರೀಕ್ಷೆ ಸಾಕು.

ಮೊದಲನೆಯದು ಬಾಟಲಿ ಪರೀಕ್ಷೆ. ಪಾರದರ್ಶಕ ಬಾಟಲಿಗೆ ಮೂರು ಚಮಚ ಮರಳು, 10 ಸೆಂ.ಮೀ. ಎತ್ತರಕ್ಕೆ ನೀರು. ಚೆನ್ನಾಗಿ ಕುಲುಕಿ ಮೇಜಿನ ಮೇಲಿಟ್ಟು ಗಡಿಯಾರ ನೋಡಿ. 0.1 ಮಿ.ಮೀ. ಕಣ 10 ಸೆಂ.ಮೀ. ಇಳಿಯಲು ಸುಮಾರು 12 ಸೆಕೆಂಡು ಸಾಕು. 0.05 ಮಿ.ಮೀ. ಕಣಕ್ಕೆ ಮುಕ್ಕಾಲು ನಿಮಿಷ. 0.01 ಮಿ.ಮೀ. ಕಣಕ್ಕೆ ಇಪ್ಪತ್ತು ನಿಮಿಷದ ಹತ್ತಿರ. ಜೇಡಿಯಾದರೆ ಗಂಟೆಗಟ್ಟಲೆ ಕೆಳಗಿಳಿಯುವುದೇ ಇಲ್ಲ. ಅಂದರೆ ಒಂದು ನಿಮಿಷ ಬಿಟ್ಟ ಮೇಲೂ ನೀರು ಮಬ್ಬಾಗಿದ್ದರೆ, ಆ ಮಬ್ಬೇ ಪ್ರಾಣಿಯ ಮೂಗಿಗೆ ಹೋಗುವ ಧೂಳು. ಒಂದು ನಿಮಿಷದಲ್ಲಿ ಬಾಟಲಿಯ ಆಚೆಗಿಟ್ಟ ಪತ್ರಿಕೆಯ ಅಕ್ಷರ ಸ್ಪಷ್ಟವಾಗಿ ಕಂಡರೆ ಆ ಮರಳು ಬಳಸಬಹುದು.

ಎರಡನೆಯದು ಟಾರ್ಚ್ ಪರೀಕ್ಷೆ. ಪೂರ್ತಿ ಒಣಗಿದ ಮರಳನ್ನು ಕತ್ತಲೆ ಕೋಣೆಯಲ್ಲಿ ಒಂದಡಿ ಎತ್ತರದಿಂದ ತಟ್ಟೆಗೆ ಸುರಿಯಿರಿ, ಪಕ್ಕದಿಂದ ಟಾರ್ಚ್ ಬಿಡಿ, ಹಿಂದೆ ಕಪ್ಪು ಬಟ್ಟೆ ಇರಲಿ. ಬಿದ್ದ ಮರಳು ಬಿದ್ದಲ್ಲೇ ಕೂತು ಬೆಳಕಿನಲ್ಲಿ ಏನೂ ತೇಲದಿದ್ದರೆ ಸರಿ. ಹೊಗೆಯಂತೆ ಎದ್ದರೆ ಬೇಡ.

ಮೂರನೆಯದು ವಿನೆಗರ್. ಒಂದು ಚಮಚ ಮರಳಿಗೆ ನಾಲ್ಕು ಹನಿ. ಬುರುಬುರು ಗುಳ್ಳೆ ಬಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು ಅಥವಾ ಚಿಪ್ಪು. ರೆಪ್ಟೈಲ್ ವಿಭಾಗದಲ್ಲಿ ಸಿಗುವ ಕ್ಯಾಲ್ಸಿಯಂ ಮರಳುಗಳೆಲ್ಲ ಇಲ್ಲೇ ಸಿಕ್ಕಿಬೀಳುತ್ತವೆ. ಅವು ಒದ್ದೆಯಾದರೆ ಗಂಟು ಕಟ್ಟುತ್ತವೆ, ಕೈಕಾಲು ನೆಕ್ಕಿಕೊಳ್ಳುವಾಗ ಹೊಟ್ಟೆಗೆ ಹೋದರೆ ಕರುಳಿನಲ್ಲೂ ಕಟ್ಟಿಕೊಳ್ಳಬಹುದು. ಝೂ ಮೆಡ್ ಕಂಪನಿಯದೇ ಎರಡಿವೆ: ರೆಪ್ಟಿಸ್ಯಾಂಡ್ ಸಿಲಿಕಾ ಮರಳು, ವೀಟಾ ಸ್ಯಾಂಡ್ ಕ್ಯಾಲ್ಸಿಯಂನದು. ಕಪಾಟಿನಲ್ಲಿ ಅಕ್ಕಪಕ್ಕ ಇರುತ್ತವೆ, ನೋಡಿ ತಗೊಳ್ಳಿ. ಬಣ್ಣ ಹಾಕಿದ್ದು, ಪರಿಮಳ ಬೆರೆಸಿದ್ದು, ಬೆಕ್ಕಿನ ಗಂಟುಕಟ್ಟುವ ಲಿಟರ್ ಇವು ಯಾವುವೂ ಬೇಡ. ಬೆಕ್ಕಿನದರಲ್ಲಿ ಬೆಂಟೊನೈಟ್ ಜೇಡಿ ಇರುತ್ತದೆ, ನೀರು ತಾಗಿದರೆ ಉಬ್ಬುತ್ತದೆ.

ಗಾತ್ರದ ವಿಷಯ: 0.1ರಿಂದ 0.5 ಮಿ.ಮೀ. ಒಳಗಿರಲಿ. ಅಳತೆ ಬರೆದಿಲ್ಲದಿದ್ದರೆ ಚಿರೋಟಿ ರವೆಯನ್ನು ಪಕ್ಕದಲ್ಲಿಟ್ಟು ನೋಡಿ, ಹೆಚ್ಚುಕಡಿಮೆ ಅಷ್ಟೇ ಇದ್ದರೆ ಸಾಕು. ಭೂತಗನ್ನಡಿಯಲ್ಲಿ ಕಣಗಳ ಅಂಚು ದುಂಡಗಿರಬೇಕು. ಒಡೆದ ಗಾಜಿನ ಚೂರಿನಂತೆ ಮೂಲೆ ಮೂಲೆ ಕಂಡರೆ ಅದು ಯಂತ್ರದಲ್ಲಿ ಪುಡಿ ಮಾಡಿದ ಕಲ್ಲು. ಕಣ್ಣಿಗೆ, ಪಾದದ ಅಡಿಗೆ ಒಳ್ಳೆಯದಲ್ಲ.

ಸಿಲಿಕಾ ಭಯದ ಬಗ್ಗೆ. ಮರಳು ಅಂದರೇ ಬಹುಪಾಲು ಕ್ವಾರ್ಟ್ಜ್, ಅಂದರೆ ಸ್ಫಟಿಕ ಸಿಲಿಕಾ. ರೋಗ ತರುವುದು ಶ್ವಾಸಕೋಶದ ಆಳಕ್ಕೆ ಹೋಗುವಷ್ಟು ಸಣ್ಣ ಧೂಳು, 10 ಮೈಕ್ರಾನ್‌ಗಿಂತ ಕೆಳಗಿನದು. ಚೀಲದ ಮೇಲಿನ ಎಚ್ಚರಿಕೆ ಅದರ ಕುರಿತು. 0.3 ಮಿ.ಮೀ. ಕಣ ಅಂದರೆ 300 ಮೈಕ್ರಾನ್, ಅದು ಮೂಗಿನ ಆಚೆ ಹೋಗುವುದಿಲ್ಲ. ಸಿಲಿಕಾ ಇದೆಯೇ ಅನ್ನುವುದಕ್ಕಿಂತ ಧೂಳು ಇದೆಯೇ ಅನ್ನುವುದನ್ನು ಕೇಳಿ. ಸಿಲಿಕಾ ಇಲ್ಲ ಎಂದು ದೊಡ್ಡದಾಗಿ ಬರೆದ ಪುಡಿ ಡಬ್ಬ ತರುವುದಕ್ಕಿಂತ ತೊಳೆದ ಪ್ಲೇ ಸ್ಯಾಂಡ್ ಎಷ್ಟೋ ಮೇಲು.

ತೊಳೆಯುವ ಕ್ರಮ: ಬಕೆಟ್‌ಗೆ 3 ಕೆಜಿ ಮರಳು, ಅದರ ಮೇಲೆ 20 ಸೆಂ.ಮೀ. ನೀರು. ಕೈಯಿಂದ ತಳದವರೆಗೆ ಕಲಕಿ, 25–30 ಸೆಕೆಂಡು ಬಿಡಿ, ಮೇಲಿನ ಮಬ್ಬು ನೀರು ಚೆಲ್ಲಿ. ಅಷ್ಟು ಹೊತ್ತಿನಲ್ಲಿ 0.1 ಮಿ.ಮೀ.ಗಿಂತ ದೊಡ್ಡ ಕಣ ತಳ ಸೇರಿರುತ್ತದೆ, ಬೇಡದ್ದು ಮಾತ್ರ ನೀರಿನ ಜೊತೆ ಹೋಗುತ್ತದೆ. ನೀರು ತಿಳಿಯಾಗುವವರೆಗೆ ಮಾಡಿ, ಸಾಮಾನ್ಯವಾಗಿ ಐದರಿಂದ ಹತ್ತು ಸಲ. ಚೆಲ್ಲುವುದು ಗಾರ್ಡನ್‌ನಲ್ಲಿ, ಸಿಂಕ್‌ನಲ್ಲಿ ಚೆಲ್ಲಿದರೆ ಪೈಪ್ ಕಟ್ಟುತ್ತದೆ.

ಗೂಡುಬಿಲ

ಮರಳಿನ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಆದರೆ ಕೂದಲು ಜಡೆಗಟ್ಟಿರುವುದಕ್ಕೆ ಮರಳೊಂದೇ ಕಾರಣವಲ್ಲ, ತೇವ ನೋಡಿ. ಜೆರ್ಬಿಲ್‌ನ ಕಣ್ಣುಗುಡ್ಡೆಯ ಹಿಂದೆ ಹಾರ್ಡೇರಿಯನ್ ಗ್ರಂಥಿ ಇದೆ. ಅದರಿಂದ ಕೊಬ್ಬು ಮತ್ತು ಪಾರ್ಫಿರಿನ್ ಎಂಬ ಕೆಂಪು ವರ್ಣದ್ರವ್ಯ ಮೂಗಿನ ತುದಿಗೆ ಇಳಿಯುತ್ತದೆ. ಮುಖ ಉಜ್ಜಿಕೊಳ್ಳುವಾಗ ಅದನ್ನು ಎಂಜಲಿನ ಜೊತೆ ಬೆರೆಸಿ ಮೈಗೆಲ್ಲ ಹಚ್ಚಿಕೊಳ್ಳುತ್ತದೆ. ಚಳಿ ತಡೆಯಲು ಅದೊಂದು ಹೊದಿಕೆ. ಮರಳಿನಲ್ಲಿ ಹೊರಳುವುದು ಹೆಚ್ಚಾದದ್ದನ್ನು ತೆಗೆಯಲು. ಗಾಳಿಯ ತೇವಾಂಶ 50% ದಾಟಿದರೆ ಈ ಜಿಡ್ಡು ಒಣಗುವುದಿಲ್ಲ, ಕೂದಲು ನೀವು ಹೇಳಿದ ಹಾಗೆಯೇ ಎದ್ದು ನಿಲ್ಲುತ್ತದೆ. ನಿಮ್ಮೂರಿನ ಹವೆಗೆ ಇದು ಆಗದಿದ್ದರೇ ಆಶ್ಚರ್ಯ.

ಒಂದು ಸಣ್ಣ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮಾಪಕ) ತಂದು ಟ್ಯಾಂಕ್‌ನ ಒಳಗಿಡಿ, ಅವುಗಳ ಬಾಯಿಗೆ ಸಿಗದ ಎತ್ತರದಲ್ಲಿ. ಕೋಣೆಯಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಗಾಜಿನ ಟ್ಯಾಂಕ್‌ನ ಒಳಗೆ ತೇವ ಯಾವಾಗಲೂ ಜಾಸ್ತಿ. ಮುಚ್ಚಳ ಪೂರ್ತಿ ಜಾಲರಿಯದಾಗಿರಲಿ. ನೀರಿನ ಬಾಟಲಿ ತೊಟ್ಟಿಕ್ಕುತ್ತಿದೆಯೇ, ಅದರ ಕೆಳಗಿನ ಬೆಡ್ಡಿಂಗ್ ಒದ್ದೆಯಾಗಿದೆಯೇ ಮುಟ್ಟಿ ನೋಡಿ. ಒಗೆದ ಬಟ್ಟೆ ಒಣಗಿಸುವ ಕೋಣೆಯಲ್ಲಿ ಟ್ಯಾಂಕ್ ಇದ್ದರೆ ಅಲ್ಲಿಂದ ಸರಿಸಿ.

ಮೂಗಿನ ಸುತ್ತ ಕೆಂಪು ಕಂಡರೆ ರಕ್ತ ಅಂತ ಗಾಬರಿ ಬೇಡ, ಬಹುತೇಕ ಪಾರ್ಫಿರಿನ್ ಇರುತ್ತದೆ. ನೋಟು ನೋಡುವ ಯುವಿ ಟಾರ್ಚ್ ಬಿಟ್ಟರೆ ಅದು ಗುಲಾಬಿ ಕೆಂಪಾಗಿ ಹೊಳೆಯುತ್ತದೆ, ರಕ್ತ ಹೊಳೆಯುವುದಿಲ್ಲ. ಆದರೆ ಅದು ಅಲ್ಲೇ ಒಣಗಿ ಚರ್ಮ ಕೆರೆದು, ಕೂದಲು ಉದುರಿ, ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡರೆ ಹುಣ್ಣಾಗುತ್ತದೆ. ಆಗ ಮನೆಮದ್ದು ಬೇಡ, ಸಣ್ಣ ಪ್ರಾಣಿ ನೋಡುವ ಡಾಕ್ಟರಿಗೆ ತೋರಿಸಿ. ಮನುಷ್ಯರ ಮುಲಾಮನ್ನಂತೂ ಹಚ್ಚಲೇಬೇಡಿ, ಹಚ್ಚಿದ ನಿಮಿಷಕ್ಕೆ ನೆಕ್ಕಿರುತ್ತದೆ.

ಸೀನು ಪುಡಿಯಿಂದಲೇ ಬಂದಿದ್ದರೆ ಪುಡಿ ತೆಗೆದು ಬೆಡ್ಡಿಂಗ್‌ನ ಮೇಲ್ಪದರ ಬದಲಿಸಿದ ಎರಡು ಮೂರು ದಿನದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ, ಅಥವಾ ಕಿವಿ ಹತ್ತಿರ ಹಿಡಿದಾಗ ಉಸಿರಿನ ಜೊತೆ ಟಿಕ್ ಟಿಕ್ ಸದ್ದು ಕೇಳಿದರೆ ಅದು ಸೋಂಕು, ಅದೇ ದಿನ ಡಾಕ್ಟರ್. ನೀರಿನಲ್ಲಿ ಮಾತ್ರ ಸ್ನಾನ ಮಾಡಿಸಬೇಡಿ. ನೂರು ಗ್ರಾಮೂ ತೂಗದ ಜೀವ, ಒದ್ದೆಯಾದರೆ ಮೈಯ ಬಿಸಿ ಬೇಗ ಇಳಿಯುತ್ತದೆ.

ಕಟ್ಟಿಗೆಒಲೆ

ಓವನ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಬಿಸಿ ಮಾಡುವುದರಿಂದ ಹುಳ, ಅದರ ಮೊಟ್ಟೆ, ಬೂಷ್ಟು ಸಾಯುತ್ತವೆ, ಮರಳು ಒಣಗುತ್ತದೆ. ಧೂಳು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ತೊಳೆಯದೆ ಬೇಯಿಸಿ ಸ್ವಚ್ಛವಾಯಿತು ಅಂದುಕೊಳ್ಳುವವರೇ ಜಾಸ್ತಿ. ಮೊದಲು ತೊಳೆಯಿರಿ.

ಸ್ಟೀಲ್ ಟ್ರೇಯಲ್ಲಿ 2–3 ಸೆಂ.ಮೀ. ದಪ್ಪಕ್ಕೆ ಹರಡಿ 180–200 ಡಿಗ್ರಿ ಸೆಲ್ಸಿಯಸ್. ಒದ್ದೆ ಮರಳು ಒಣಗುವುದಕ್ಕೇ ಗಂಟೆ ಮೇಲಾಗುತ್ತದೆ. ಹಬೆ ನಿಂತ ಮೇಲೆ ಇನ್ನು ಅರ್ಧ ಗಂಟೆ. ನಡುವೆ ಎರಡು ಸಲ ಮೊಗಚಿ, ಇಲ್ಲದಿದ್ದರೆ ತಳ ಹಸಿಯಾಗಿಯೇ ಉಳಿಯುತ್ತದೆ. ಓವನ್ ಇಲ್ಲದಿದ್ದರೆ ಕಬ್ಬಿಣದ ಬಾಣಲೆ ಸಾಕು. ನಾನ್‌ಸ್ಟಿಕ್ ಬೇಡ, ಲೇಪ ಕೆರೆದು ಮರಳಿಗೇ ಸೇರುತ್ತದೆ. ಮೈಕ್ರೊವೇವ್‌ನಲ್ಲಿ ಒದ್ದೆ ಗಂಟುಗಳು ಸಿಡಿಯುತ್ತವೆ, ಅದೂ ಬೇಡ. ಮರಳು ಬಿಸಿ ಬಿಡುವುದು ನಿಧಾನ. ಮೇಲೆ ಮುಟ್ಟಿದರೆ ತಣ್ಣಗಿದ್ದು ಒಳಗೆ ಕೈ ಸುಡುತ್ತದೆ. ರಾತ್ರಿ ಬೇಯಿಸಿ ಬೆಳಿಗ್ಗೆ ಬಳಸಿ.

ಮುಚ್ಚಿದ ಚೀಲದ, ತೊಳೆದು ಒಣಗಿಸಿದ ಮರಳಾದರೆ ಬೇಯಿಸದಿದ್ದರೂ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅಂಗಡಿಯ ಹೊರಗೆ ಮಳೆಯಲ್ಲಿ ಪೇರಿಸಿಟ್ಟ ಚೀಲವಾದರೆ ಬೇಯಿಸಲೇಬೇಕು.

ಒದ್ದೆಛತ್ರಿ (ಮ್ಯಾಂಚೆಸ್ಟರ್)

ತುಂಬಾ ಉಪಕಾರವಾಯಿತು. ಹೈಗ್ರೋಮೀಟರ್ ಟ್ಯಾಂಕ್ ಒಳಗೆ 64% ತೋರಿಸುತ್ತಿದೆ. ಡಿಐವೈ ಅಂಗಡಿಯಿಂದ (ಮನೆ ರಿಪೇರಿ ಸಾಮಾನಿನ ಅಂಗಡಿ) 15 ಕೆಜಿ ಪ್ಲೇ ಸ್ಯಾಂಡ್ ತಂದೆ, ಬಣ್ಣ ಕಿತ್ತಳೆ ಕಂದು. ಬಾಟಲಿಯಲ್ಲಿ ಐದು ನಿಮಿಷ ಆದರೂ ನೀರು ಚಹಾ ಬಣ್ಣವೇ. ವಿನೆಗರ್‌ಗೆ ಅಲ್ಲೊಂದು ಇಲ್ಲೊಂದು ಗುಳ್ಳೆ ಬಂತು, ಬುರುಬುರು ಅಲ್ಲ. ವಾಪಸ್ ಕೊಡಲೇ? ಬಟ್ಟಲು ಎಂಥದು, ಎಲ್ಲಿಡಬೇಕು ಅನ್ನುವುದೂ ಹೇಳಿದರೆ ಒಳ್ಳೆಯದು. ಈಗಿನದನ್ನು ಬೆಡ್ಡಿಂಗ್ ಮೇಲೆ ಇಟ್ಟರೆ ಗಂಟೆಯೊಳಗೆ ಹೂತುಹೋಗುತ್ತದೆ.

ಜರಡಿಪುಟ್ಟ

ವಾಪಸ್ ಬೇಡ. ಕಿತ್ತಳೆ ಬಣ್ಣ ಕಣದ ಮೇಲಿನ ಕಬ್ಬಿಣದ ಆಕ್ಸೈಡ್‌ನದು, ವಿಷವಲ್ಲ. ಒಂದೆರಡು ಗುಳ್ಳೆ ಅಂದರೆ ಅಲ್ಲಲ್ಲಿ ಸುಣ್ಣದ ಚೂರು, ಅದೂ ತೊಂದರೆಯಿಲ್ಲ. ತಿಳಿಯಾಗದ ನೀರು ಮಾತ್ರ ತೊಳೆಯಬೇಕು ಅನ್ನುವುದರ ಗುರುತು. ಹದಿನೈದು ಕೆಜಿಯನ್ನೂ ಒಟ್ಟಿಗೆ ತೊಳೆಯಲು ಹೋಗಬೇಡಿ, ಬೇಕಾದ 3 ಕೆಜಿ ಮಾತ್ರ. ಮೊದಲ ಎರಡು ಸಲ ನೀರು ಕೆಸರಿನಂತಿರುತ್ತದೆ, ಆಮೇಲೆ ಬೇಗ ತಿಳಿಯಾಗುತ್ತದೆ. ಹತ್ತು ಸಲ ಆದ ಮೇಲೂ ಮಬ್ಬು ಹೋಗದಿದ್ದರೆ ಆಗ ಮರಳು ಬದಲಿಸಿ. ಜೆರ್ಬಿಲ್ ಬಿಳಿ ಅಥವಾ ಕೆನೆ ಬಣ್ಣದ್ದಾದರೆ ಹೊಟ್ಟೆಗೆ ಸ್ವಲ್ಪ ಕೆಂಪು ಹತ್ತಬಹುದು, ನೋಡಲು ಕಿರಿಕಿರಿ ಅಷ್ಟೇ. ಅದೂ ಬೇಡವೆಂದರೆ ಈಜುಕೊಳದ ಫಿಲ್ಟರ್ ಮರಳು ಇದೆ. ಸ್ವಲ್ಪ ದಪ್ಪ, ಆದರೆ ಧೂಳು ತುಂಬಾ ಕಡಿಮೆ.

ಬಟ್ಟಲು: ಪ್ಲಾಸ್ಟಿಕ್ ಬೇಡ, ಕಡಿದು ಹಾಕುತ್ತವೆ. 20 ಸೆಂ.ಮೀ. ಅಗಲದ ಪಿಂಗಾಣಿ ಬಟ್ಟಲಿಗೆ 3 ಸೆಂ.ಮೀ. ಆಳ ಮರಳು ಅಂದರೆ ಸುಮಾರು 950 ಮಿ.ಲೀ., ತೂಕ ಒಂದೂವರೆ ಕೆಜಿ. ಮರಳು ಎರಚುವುದು ಜಾಸ್ತಿಯಾದರೆ ಅಗಲ ಬಾಯಿಯ 3 ಲೀಟರ್ ಗಾಜಿನ ಜಾಡಿಯನ್ನು ಅಡ್ಡ ಮಲಗಿಸಿ ಮೂರನೇ ಒಂದು ಭಾಗ ತುಂಬಿ. ಬಾಯಿ 10 ಸೆಂ.ಮೀ. ಇರಲಿ, ಒಂದು ಒಳಗಿರುವಾಗ ಇನ್ನೊಂದು ನುಗ್ಗುತ್ತದೆ.

ಎಲ್ಲಿಡಬೇಕು ಅನ್ನುವುದು ಬರೀ ಅನುಕೂಲದ ಮಾತಲ್ಲ. ಒಂದೂವರೆ ಕೆಜಿ ಮರಳಿನ ಜೊತೆ ಬಟ್ಟಲಿನ ತೂಕವೂ ಸೇರಿ ಬೆಡ್ಡಿಂಗ್ ಮೇಲೆ ಕೂತಿದೆ, ಕೆಳಗೆ ಅವು ಸುರಂಗ ಕೊರೆಯುತ್ತವೆ, ಒಂದು ದಿನ ಕುಸಿದರೆ ಕೆಳಗಿದ್ದ ಪ್ರಾಣಿ ಅಪ್ಪಚ್ಚಿ. ಟ್ಯಾಂಕ್‌ನ ತಳದಿಂದಲೇ ನಿಲ್ಲುವ ನಾಲ್ಕು ಕಾಲಿನ ಮರದ ಮಣೆ ಮಾಡಿಸಿ, ಕಾಲು 27–28 ಸೆಂ.ಮೀ., ಬಣ್ಣ ವಾರ್ನಿಷ್ ಇಲ್ಲದ್ದು. ಮಣೆಯನ್ನು ಮೊದಲು ಖಾಲಿ ಗಾಜಿನ ಮೇಲೆ ನಿಲ್ಲಿಸಿ, ಆಮೇಲೆ ಸುತ್ತ ಬೆಡ್ಡಿಂಗ್ ತುಂಬಿ. ಆಗ ಬಟ್ಟಲು ಹೂತುಹೋಗುವುದೂ ತಪ್ಪುತ್ತದೆ. ಕಾಲುಗಳನ್ನು ಕಡಿಯುತ್ತವೆ, ಬೆಡ್ಡಿಂಗ್ ಬದಲಿಸುವಾಗೆಲ್ಲ ನೋಡಿ.

ಯಾವಾಗಲೂ ಒಳಗಿಡುವ ಬಗ್ಗೆ: ಪುಡಿಯಾದರೆ ಹತ್ತು ನಿಮಿಷವೂ ಬೇಡ, ಮರಳಾದರೆ ಇಡಬಹುದು. ಅದನ್ನೇ ಕಕ್ಕಸು ಮಾಡಿಕೊಂಡರೆ ದಿನಾ ಚಹಾ ಜಾಲರಿಯಲ್ಲಿ ಸೋಸಿ, ಹಿಕ್ಕೆ ಮತ್ತು ಗಂಟುಕಟ್ಟಿದ ಮೂತ್ರ ತೆಗೆಯಿರಿ. ಸೋಸಿದ ಮರಳು ಚೊಕ್ಕಟ ಕಾಣುತ್ತದೆ, ಆದರೆ ಅರೆದುಹೋದ ಪೇಪರ್, ಚರ್ಮದ ಹೊಟ್ಟು, ಒಣಗಿದ ಮೂತ್ರದ ಪುಡಿ ಎಲ್ಲ ಜಾಲರಿ ದಾಟಿ ಅದರಲ್ಲೇ ಉಳಿಯುತ್ತವೆ. ಮೊದಲು ಧೂಳಿಲ್ಲದ ಮರಳು ಮೂರು ವಾರದಲ್ಲಿ ಧೂಳಾಗುವುದು ಹೀಗೆ. ವಾರಕ್ಕೊಮ್ಮೆ ಪೂರ್ತಿ ಬದಲಿಸಿ, ಹಳೆಯದನ್ನು ತೊಳೆದು ಬೇಯಿಸಿದರೆ ಮತ್ತೆ ಬಳಸಬಹುದು.

ಗೂಡುಬಿಲ

ಬದಲಿಸುವಾಗ ಹಳೆಯ ಮರಳು ಒಂದು ಮುಷ್ಟಿ ಹೊಸದಕ್ಕೆ ಬೆರೆಸಿ. ಹೊಟ್ಟೆಯ ನಡುವೆ ಕಿತ್ತಳೆ ಬಣ್ಣದ ಬೋಳು ಗೆರೆ ಕಾಣುತ್ತದಲ್ಲ, ಅದು ವಾಸನೆಯ ಗ್ರಂಥಿ. ಅದನ್ನು ಉಜ್ಜಿ ಗುರುತು ಹಾಕುತ್ತವೆ. ಟ್ಯಾಂಕ್, ಬಟ್ಟಲು ಎರಡನ್ನೂ ಒಂದೇ ದಿನ ತೊಳೆದರೆ ತಮ್ಮ ವಾಸನೆಯೇ ಸಿಗದೆ ಗಂಡುಗಳು ಜಗಳಕ್ಕೆ ಬೀಳಬಹುದು. ಅಂದ ಹಾಗೆ, ವಾರಕ್ಕೊಮ್ಮೆ ಆ ಗ್ರಂಥಿ ನೋಡಿಕೊಳ್ಳಿ. ವಯಸ್ಸಾದ ಗಂಡುಗಳಿಗೆ ಅಲ್ಲೇ ಗಡ್ಡೆ ಬರುವುದು ಜಾಸ್ತಿ, ಬೇಗ ಕಂಡರೆ ಆಪರೇಷನ್ ಸುಲಭ.

64% ಜಾಸ್ತಿಯಾಯಿತು. ಮರಳು ಬದಲಿಸಿದ ಮಾತ್ರಕ್ಕೆ ಕೂದಲು ಸರಿಹೋಗುವುದಿಲ್ಲ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಬೇಕಾಗಬಹುದು. ತೇವ ಕುಡಿದ ಮರಳು ಜಿಡ್ಡನ್ನೂ ಸರಿಯಾಗಿ ತೆಗೆಯುವುದಿಲ್ಲ.

ಮಲ್ಲೇಶ್ವರಂ_8ನೇ_ಕ್ರಾಸ್

ಬೆಂಗಳೂರಿನಲ್ಲಿ ಪ್ಲೇ ಸ್ಯಾಂಡ್ ಅಂತ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರೆ, ಆ ಮರಳು ತೊಳೆದು ಹ್ಯಾಮ್‌ಸ್ಟರ್‌ಗೆ ಕೊಡಬಹುದೇ? ಅಥವಾ ಊರಿಗೆ ಹೋದಾಗ ಕುಂದಾಪುರದ ಸಮುದ್ರದ ಮರಳು ತರಲೇ?

ಜರಡಿಪುಟ್ಟ

ಎರಡೂ ಬೇಡ. ಈಗ ಕಟ್ಟಡಕ್ಕೆ ಬರುವುದು ಹೆಚ್ಚಿನದು ಎಂ-ಸ್ಯಾಂಡ್, ಅಂದರೆ ಗ್ರಾನೈಟ್ ಪುಡಿ. ಕಣಕ್ಕೆ ಮೂಲೆಗಳಿರುತ್ತವೆ. ಪುಡಿ ಮಾಡಿದ ಮರಳಿನಲ್ಲಿ 75 ಮೈಕ್ರಾನ್‌ಗಿಂತ ಸಣ್ಣದು 15% ತನಕ ಇರಬಹುದು ಎಂದು ಭಾರತದ ಐಎಸ್ 383 ಮಾನದಂಡವೇ ಬಿಟ್ಟಿದೆ. ಕಾಂಕ್ರೀಟಿಗೆ ಅದು ಸರಿ, ಮೂಗಿಗೆ ಅಲ್ಲ. ತೊಳೆದರೆ ಧೂಳು ಹೋಗಬಹುದು, ಮೂಲೆ ಹೋಗುವುದಿಲ್ಲ. ಗಾರೆ ಕೆಲಸದ ಪಿ-ಸ್ಯಾಂಡ್ ಕೂಡ ಅದೇ ಜಾತಿ. ಸಮುದ್ರದ ಮರಳಿನಲ್ಲಿ ಉಪ್ಪು, ಚೂಪು ಚಿಪ್ಪಿನ ಚೂರು, ಸತ್ತ ಜೀವಿಗಳು. ಬೆಳಗಾವಿ ಕಡೆಯವರು ಫೌಂಡ್ರಿ (ಲೋಹದ ಎರಕದ ಕಾರ್ಖಾನೆ) ಮರಳು ಸಿಗುತ್ತದೆ ಅಂತ ಕೇಳುವುದುಂಟು. ಬಳಸಿ ಬಿಟ್ಟದ್ದರಲ್ಲಿ ಬೆಂಟೊನೈಟ್, ಕಲ್ಲಿದ್ದಲ ಪುಡಿ, ಕೆಲವೊಮ್ಮೆ ರಾಳವೂ ಇರುತ್ತದೆ. ಅದರ ಹತ್ತಿರ ಹೋಗಬೇಡಿ.

ನೀರಿನ ಫಿಲ್ಟರ್ ಮತ್ತು ಈಜುಕೊಳದ ಸಾಮಾನು ಮಾರುವವರ ಹತ್ತಿರ ಸಿಲಿಕಾ ಫಿಲ್ಟರ್ ಮರಳು ಕೇಳಿ. ನಮ್ಮಲ್ಲಿ ಮೆಶ್ ಲೆಕ್ಕದಲ್ಲಿ, ಅಂದರೆ ಜರಡಿಯ ಕಣ್ಣಿನ ಲೆಕ್ಕದಲ್ಲಿ ಮಾರುತ್ತಾರೆ: 16/32 ಅಂದರೆ ಸುಮಾರು 0.5ರಿಂದ 1 ಮಿ.ಮೀ., ಇದು ದಪ್ಪವಾಯಿತು. 30/60 ಅಂದರೆ 0.25ರಿಂದ 0.6, ನಾನು ಹೇಳಿದ 0.5ಕ್ಕಿಂತ ತುಸು ದಪ್ಪ ಕಣ ಇದ್ದರೂ ಇದೇ ಬೇಕಾದದ್ದು. ಅಕ್ವೇರಿಯಂ ಅಂಗಡಿಯ ಬಣ್ಣ ಹಾಕದ ನುಣುಪು ಮರಳೂ ಆಗುತ್ತದೆ, ಗಿಡ ಬೆಳೆಸುವ ಗೊಬ್ಬರ ಬೆರೆಸಿದ್ದು ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಯಾವ ಮರಳಾದರೂ ಸರಿ, ಬಾಟಲಿ ಪರೀಕ್ಷೆ ತಪ್ಪಿಸಬೇಡಿ. ಹ್ಯಾಮ್‌ಸ್ಟರ್‌ಗೂ ಇದೇ ಮರಳು.

ನ್ಯೂಜೆರ್ಸಿ_ಚಕ್ಕುಲಿ

ಅಮೆರಿಕದಲ್ಲಿ ಇರುವವರಿಗೆ ಒಂದು ಮಾತು: ಕ್ಯಾಲಿಫೋರ್ನಿಯಾ, ಹವಾಯಿ ಎರಡು ಕಡೆಯೂ ಜೆರ್ಬಿಲ್ ಸಾಕುವುದಕ್ಕೆ ನಿಷೇಧವಿದೆ. ತಪ್ಪಿಸಿಕೊಂಡರೆ ಅಲ್ಲಿನ ಒಣನೆಲದಲ್ಲಿ ಬೀಡುಬಿಡುತ್ತವೆ ಎಂಬ ಭಯ. ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಮನೆ ಬದಲಿಸುವವರು ಟ್ಯಾಂಕ್ ಕಟ್ಟಿಕೊಂಡು ಹೊರಡುವ ಮೊದಲು ನೋಡಿಕೊಳ್ಳಿ.

ಮಲ್ಲೇಶ್ವರಂ_8ನೇ_ಕ್ರಾಸ್

30/60 ಸಿಕ್ಕಿತು, ಆದರೆ 50 ಕೆಜಿ ಮೂಟೆಗಿಂತ ಕಡಿಮೆ ಕೊಡುವುದಿಲ್ಲವಂತೆ. ಮಳೆಗಾಲದಲ್ಲಿ ಇದನ್ನೆಲ್ಲ ಹೇಗೆ ಇಡುವುದು?

ಕಟ್ಟಿಗೆಒಲೆ

ಮೂಟೆ ಮೂಟೆಯಾಗಿಯೇ ಇರಲಿ, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ. ಒಂದು ಸಲಕ್ಕೆ 5 ಕೆಜಿ ತೊಳೆದು, ಬಾಣಲೆಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದಡಿ ಬೆವರಿ ಮತ್ತೆ ಒದ್ದೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟಲಲ್ಲಿ ಇಟ್ಟದ್ದೂ ತೇವ ಎಳೆಯುತ್ತದೆ. ಬೆರಳಿನಿಂದ ಗುಡ್ಡೆ ಮಾಡಿ ನೋಡಿ, ಜಾರಿ ಬೀಳದೆ ನಿಂತರೆ ಮತ್ತೊಮ್ಮೆ ಹುರಿಯಬೇಕು. ಉಳಿದ ಮೂಟೆಯನ್ನು ಅಕ್ವೇರಿಯಂ ಇಟ್ಟುಕೊಂಡ ಯಾರ ಜೊತೆಗಾದರೂ ಹಂಚಿಕೊಳ್ಳಿ, ಅವರಿಗೂ ಇದೇ ಮರಳು ಬೇಕಾಗುತ್ತದೆ.